ಟ್ಯಾಕಲ್ ಎಣಿಸಿದ ಎರಡು ವರ್ಷ: ಕೋಚ್ ಬದಲಾದಾಗ ನಾನು ಕಂಡದ್ದು

ಅಮೆರಿಕದ ಒಂದು ಯೂನಿವರ್ಸಿಟಿಯ ಫುಟ್‌ಬಾಲ್ ತಂಡದಲ್ಲಿ ಎರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ವಿಡಿಯೋ ನೋಡುವುದು, ಟ್ಯಾಕಲ್ ಎಣಿಸುವುದು. ಯಾರು ಹಿಡಿದ, ಯಾರು ಬಿಟ್ಟ, ಎಲ್ಲಿ ಬಿಟ್ಟ. ಮೊದಲ ವರ್ಷ ಒಬ್ಬ ಕೋಚ್, ಎರಡನೇ ವರ್ಷ ಇನ್ನೊಬ್ಬ. ಅವರಿಬ್ಬರ ಮಧ್ಯೆ ನಾನು ಒದ್ದಾಡಿದ್ದು ಅಷ್ಟಿಷ್ಟಲ್ಲ.

ಈಗಷ್ಟೇ ಓದು ಮುಗಿಸಿದ್ದೇನೆ. ದಾವಣಗೆರೆಯಲ್ಲಿ ನಾನು ಓದಿದ ಕಾಲೇಜಿನ ಜೂನಿಯರ್‌ಗಳು ಆಗಾಗ ಕೇಳುತ್ತಾರೆ: "ಅಣ್ಣಾ, ಆ ಕೆಲಸ ಹೇಗೆ ಸಿಕ್ತು? ನಮಗೂ ಸಿಗುತ್ತಾ?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯೂನಿವರ್ಸಿಟಿಯ ಹೆಸರು, ಆಟಗಾರರ ಹೆಸರು ಹೇಳುವುದಿಲ್ಲ. ಒಳಗಿನ ಮಾತು ಹೊರಗೆ ಹೇಳಲ್ಲ ಅಂತ ಸಹಿ ಹಾಕಿ ಸೇರಿದವನು ನಾನು.

ಮೊದಲೇ ಒಂದು ಮಾತು. ಇದು ನಮ್ಮ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿಟ್ಟು ಓಡುವ ಆಟ. ಆ ಕಡೆ 11 ಜನ, ಈ ಕಡೆ 11 ಜನ. ಚೆಂಡು ಇರುವವರು 4 ಪ್ರಯತ್ನದಲ್ಲಿ 10 ಗಜ ದಾಟಬೇಕು. ಎದುರಿನವರು ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಬೇಕು. ಆ ಕೆಡವುವುದೇ ಟ್ಯಾಕಲ್. ಕಬಡ್ಡಿ ಗೊತ್ತಿರುವವರಿಗೆ ಅರ್ಧ ಆಟ ಆಗಲೇ ಗೊತ್ತು. ರೇಡರ್ ಕೈಗೆ ಚೆಂಡು ಕೊಟ್ಟಿದ್ದಾರೆ ಅಂದುಕೊಳ್ಳಿ.

2023ರ ಆಗಸ್ಟ್‌ನಲ್ಲಿ ಹೋದೆ. ಸ್ಟ್ಯಾಟಿಸ್ಟಿಕ್ಸ್ ಮಾಸ್ಟರ್ಸ್. ಎಲ್ಲರಂತೆ ನಾನೂ ಕ್ಯಾಂಪಸ್ ಕೆಲಸ ಹುಡುಕಿದೆ. ಲೈಬ್ರರಿ ಇಲ್ಲ, ಡೈನಿಂಗ್ ಹಾಲ್ ಇಲ್ಲ, ಎಲ್ಲ ಕಡೆ ಸಾಲು. ಫುಟ್‌ಬಾಲ್ ವಿಡಿಯೋ ವಿಭಾಗಕ್ಕೆ ವಿದ್ಯಾರ್ಥಿ ಸಹಾಯಕರು ಬೇಕು ಅಂತ ಜಾಹೀರಾತಿತ್ತು. ಬೆಳಗ್ಗೆ 5.30ಕ್ಕೆ ಬರಬೇಕು ಅಂತ ಬರೆದಿದ್ದರು. ಅದಕ್ಕೇ ಇರಬೇಕು, ಅಲ್ಲಿ ಸಾಲು ಇರಲಿಲ್ಲ.

ಇಂಟರ್‌ವ್ಯೂನಲ್ಲಿ ವಿಡಿಯೋ ವಿಭಾಗದ ಮುಖ್ಯಸ್ಥರು "ಫುಟ್‌ಬಾಲ್ ಆಡಿದ್ದೀಯಾ?" ಅಂತ ಕೇಳಿದರು. ಇಲ್ಲ, ಕಬಡ್ಡಿ ಆಡಿದ್ದೇನೆ, ಕಾರ್ನರ್ ಅಂದೆ. ಫೋನಲ್ಲಿ ಪ್ರೊ ಕಬಡ್ಡಿಯ ಒಂದು ತುಣುಕು ತೋರಿಸಿದೆ. ಅವರು ಮೂರು ಸಲ ಹಿಂದಕ್ಕೆ ಹಾಕಿ ನೋಡಿದರು. "ಹೆಲ್ಮೆಟ್ ಇಲ್ವಾ?" ಅಂದರು. ಕೆಲಸ ಸಿಕ್ಕಿತು.

ಇನ್ನು ಕಾಗದಪತ್ರ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದವರು ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕ್ಯಾಂಪಸ್ ಕೆಲಸ ಮಾಡುವಂತಿಲ್ಲ. ತಮಾಷೆ ಅಂದರೆ, ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ನಿಯಮದಂತೆ ಸೀಸನ್‌ನಲ್ಲಿ ಆಟಗಾರರ ಕಡ್ಡಾಯ ಅಭ್ಯಾಸಕ್ಕೂ ವಾರಕ್ಕೆ 20 ಗಂಟೆಯ ಮಿತಿ. ಸಂಬಳ, ತೆರಿಗೆಗೆ ಬೇಕಾದ ಸೋಶಿಯಲ್ ಸೆಕ್ಯುರಿಟಿ ನಂಬರ್‌ಗೆ ಎರಡು ಪತ್ರ ಬೇಕು. ಕೆಲಸ ಕೊಟ್ಟವರದ್ದು ಒಂದು, ಇಂಟರ್‌ನ್ಯಾಷನಲ್ ಆಫೀಸಿನದ್ದು ಒಂದು. ಜೊತೆಗೆ ಪಾಸ್‌ಪೋರ್ಟ್, ಯೂನಿವರ್ಸಿಟಿ ಕೊಡುವ ಐ-20, ದೇಶಕ್ಕೆ ಬಂದ ದಾಖಲೆ ಐ-94. ನಾನು ಬಂದ ನಾಲ್ಕನೇ ದಿನವೇ ಸೋಶಿಯಲ್ ಸೆಕ್ಯುರಿಟಿ ಆಫೀಸಿಗೆ ಓಡಿದ್ದೆ. ಕಂಪ್ಯೂಟರಲ್ಲಿ ನಿನ್ನ ವಿವರ ಇನ್ನೂ ಬಂದಿಲ್ಲ ಅಂತ ವಾಪಸ್ ಕಳಿಸಿದರು. ಹೋಗಿಬರುವ ಟ್ಯಾಕ್ಸಿಗೆ 38 ಡಾಲರ್ ದಂಡ. ದೇಶಕ್ಕೆ ಬಂದು 10 ದಿನವಾದ ಮೇಲೆ ಹೋಗಿ ಅನ್ನುವ ಸಲಹೆ ಸುಮ್ನೆ ಕೊಟ್ಟದ್ದಲ್ಲ. ನಂಬರ್ ಬರುವವರೆಗೆ ಕೆಲಸ ಶುರು ಮಾಡುವಂತಿಲ್ಲ ಅಂತ ರೂಮ್‌ಮೇಟ್ ಹೆದರಿಸಿದ್ದ, ಅದು ತಪ್ಪು. ಅರ್ಜಿ ಹಾಕಿದ್ದರೆ ಸಾಕು, ಕೆಲಸ ಮಾಡುವ ಅರ್ಹತೆ ತೋರಿಸುವ ಐ-9 ಫಾರ್ಮ್ ತುಂಬಿ ಶುರು ಮಾಡಬಹುದು.

ಬೆಟ್ಟಿಂಗ್ ಬಗ್ಗೆ ಒಂದು ಆನ್‌ಲೈನ್ ತರಬೇತಿ ಇರುತ್ತದೆ. ಗಂಭೀರವಾಗಿ ತಗೊಳ್ಳಿ. ತಂಡದ ಕೆಲಸಕ್ಕೆ ಸೇರಿದವರು, ವಿದ್ಯಾರ್ಥಿಗಳಾದರೂ, ಕಾಲೇಜು ಆಟಗಳ ಮೇಲೆ ದುಡ್ಡು ಕಟ್ಟುವಂತಿಲ್ಲ. ಯಾರಿಗೆ ಗಾಯವಾಗಿದೆ ಅಂತ ಗೆಳೆಯರಿಗೂ ಹೇಳುವಂತಿಲ್ಲ. ಕ್ರಿಕೆಟ್ ಎನ್‌ಸಿಎಎ ಆಟವೇ ಅಲ್ಲ. ಆದರೂ ಭಯಕ್ಕೆ ಫೋನಿಂದ ಡ್ರೀಮ್ 11 ತೆಗೆದುಹಾಕಿದೆ.

ಮೊದಲ ತಿಂಗಳು ಕ್ಯಾಮೆರಾ ಹಿಡಿಯುವ ಕೆಲಸ. ಎತ್ತರದಲ್ಲಿ ನಿಂತು ಅಭ್ಯಾಸವನ್ನು ಚಿತ್ರಿಸಬೇಕು. 2010ರಲ್ಲಿ ನೋಟರ್ ಡೇಮ್ ಯೂನಿವರ್ಸಿಟಿಯಲ್ಲಿ ಹೀಗೆ ಚಿತ್ರಿಸುತ್ತಿದ್ದ ವಿದ್ಯಾರ್ಥಿಯೊಬ್ಬ ಜೋರು ಗಾಳಿಗೆ ಲಿಫ್ಟ್ ಉರುಳಿ ಸತ್ತುಹೋದ. ಅದನ್ನು ಮೊದಲ ದಿನವೇ ನಮಗೆ ಹೇಳಿದರು. ಗಾಳಿ ಜಾಸ್ತಿ ಅನಿಸಿದರೆ ಇಳಿದು ಬಾ, ಯಾರನ್ನೂ ಕೇಳಬೇಡ ಅಂದರು. ಅಮ್ಮನಿಗೆ ಮಾತ್ರ ಈ ವಿಷಯ ಹೇಳಲಿಲ್ಲ. ಆಗಲೇ ಅವಳು, "ಓದೋಕ್ ಹೋಗಿದೀಯೋ, ಕುಸ್ತಿ ನೋಡೋಕ್ ಹೋಗಿದೀಯೋ? ಕುಸ್ತಿ ನೋಡೋದಾದ್ರೆ ದಾವಣಗೆರೆ ಸಾಕಾಗಿತ್ತಲ್ಲೋ" ಅನ್ನುತ್ತಿದ್ದಳು.

ಎಕ್ಸೆಲ್ ಚೆನ್ನಾಗಿ ಬರುತ್ತದೆ ಅಂತ ಗೊತ್ತಾದ ಮೇಲೆ ನನ್ನನ್ನು ಒಳಗೆ ಕೂರಿಸಿದರು. ಡಿಫೆನ್ಸ್‌ನ, ಅಂದರೆ ಎದುರಿನವರನ್ನು ತಡೆಯುವ ನಮ್ಮ ಹುಡುಗರ, ಟ್ಯಾಕಲ್ ಪಟ್ಟಿ ಮಾಡು ಅಂದರು. ಹಳೆಯ ಡಿಫೆನ್ಸ್ ಕೋಚ್ ಕೊಟ್ಟ ಸೂತ್ರ ಸರಳ. ನಮ್ಮವನ ಕೈ ಎದುರಿನವನ ಮೈಗೆ ತಾಗಿತು, ಅವನು ತಪ್ಪಿಸಿಕೊಂಡ, ಅಂದರೆ ಅದು ಮಿಸ್. ಪ್ರತಿ ಸೋಮವಾರ ಮಿಸ್ ಪಟ್ಟಿ ಗೋಡೆಗೆ ಅಂಟುತ್ತಿತ್ತು.

ಅವರ ಪಾಠವೂ ಹಳೆಯ ಕಾಲದ್ದು. ತಲೆ ಎತ್ತಿ ನೋಡು, ಎದೆಗೆ ಎದೆ ಕೊಡು, ತಲೆಯನ್ನು ಓಡುವವನ ಮುಂದೆ ಅಡ್ಡ ಹಾಕು, ಅಪ್ಪಿಕೊಂಡು ಕಾಲು ಓಡಿಸು. ಪ್ರತಿ ಮಂಗಳವಾರ ನಿಜವಾಗಿ ಕೆಡವುವ ಅಭ್ಯಾಸ. ಶಬ್ದ ಕೇಳಿದರೆ ನನಗೇ ಪಕ್ಕೆಲುಬು ನೋಯುತ್ತಿತ್ತು. ಅಷ್ಟಾದರೂ ಆ ವರ್ಷ ಸೋತದ್ದೇ ಹೆಚ್ಚು. 12 ಪಂದ್ಯ ಮುಗಿದವು. ಥ್ಯಾಂಕ್ಸ್‌ಗಿವಿಂಗ್ ವಾರದ ಶನಿವಾರ ಕೊನೆಯ ಪಂದ್ಯ. ಭಾನುವಾರ ಬೆಳಗ್ಗೆ ಮುಖ್ಯ ಕೋಚನ್ನು ತೆಗೆದರು.

ಮುಖ್ಯ ಕೋಚ್ ಹೋದರೆ ಅವರೊಬ್ಬರೇ ಹೋಗುವುದಿಲ್ಲ. ಡಿಫೆನ್ಸ್ ಕೋಚ್, ಲೈನ್‌ಬ್ಯಾಕರ್ (ಡಿಫೆನ್ಸ್‌ನ ನಡುವಿನ ಸಾಲಿನವರ) ಕೋಚ್, ನನ್ನ ಕೆಲಸದ ಪತ್ರಕ್ಕೆ ಸಹಿ ಹಾಕಿದ ಮುಖ್ಯಸ್ಥರು, ಎಲ್ಲರೂ ಹೋದರು. ಸೋಮವಾರ ಹೋದರೆ ನನ್ನ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಲಾಗಿನ್ ಕೂಡ ಬಂದ್. ನನ್ನನ್ನು ತೆಗೆದಿದ್ದಾರೋ ಇಲ್ಲವೋ ಅಂತ ಹೇಳುವವರೂ ಇಲ್ಲ. ಏಳು ವಾರ ಹಾಗೇ ಕಳೆಯಿತು. ಮೇಲ್ ಹಾಕಿದರೆ, "ಹೊಸ ಸಿಬ್ಬಂದಿ ತೀರ್ಮಾನಿಸುತ್ತಾರೆ" ಅಂತ ಉತ್ತರ. ಚಳಿಗಾಲದ ರಜೆಯಲ್ಲಿ 20 ಗಂಟೆಯ ಮಿತಿ ಇಲ್ಲ, ಜಾಸ್ತಿ ದುಡಿಯೋಣ ಅಂತ ಲೆಕ್ಕ ಹಾಕಿದ್ದೆ. ಒಂದು ಡಾಲರ್ ಬರಲಿಲ್ಲ. ಜನವರಿಯ ಬಾಡಿಗೆಗೆ ಅಣ್ಣನ ಹತ್ತಿರ ಸಾಲ ಕೇಳಿದೆ. ಇಂಥ ಕೆಲಸಕ್ಕೆ ಸೇರುವವರು ಎರಡು ತಿಂಗಳ ಬಾಡಿಗೆ ಎತ್ತಿಡಿ. ನಿಮ್ಮ ಕೆಲಸದ ಪತ್ರ ವ್ಯಕ್ತಿಯ ಹೆಸರಲ್ಲಿದೆಯೋ ವಿಭಾಗದ ಹೆಸರಲ್ಲಿದೆಯೋ ಅಂತಲೂ ನೋಡಿಕೊಳ್ಳಿ.

ಇದೇ ಸಮಯದಲ್ಲಿ ಆಟಗಾರರೂ ಚದುರಿದರು. ಕೋಚ್ ಬದಲಾದರೆ ಬೇರೆ ಯೂನಿವರ್ಸಿಟಿಗೆ ಹೋಗಲು ಅವರಿಗೆ ಟ್ರಾನ್ಸ್‌ಫರ್ ಪೋರ್ಟಲ್‌ನ ದಾರಿ ಇದೆ. ಕೆಲವರು ಹೋದರು, ಕೆಲವರು ಬಂದರು. ಇದನ್ನು ನೆನಪಿಟ್ಟುಕೊಳ್ಳಿ. "ಹೊಸ ಕೋಚ್ ಬಂದ ಮೇಲೆ ಟ್ಯಾಕಲ್ ಸುಧಾರಿಸಿತು" ಅಂತ ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು, ಅದೇ ಹುಡುಗರಾ ಅಂತ.

ಜನವರಿ ಮಧ್ಯದಲ್ಲಿ ಕರೆ ಬಂತು. ಹೊಸ ಡಿಫೆನ್ಸ್ ಕೋಚ್ ತಮ್ಮ ಜೊತೆ ಇಬ್ಬರು ವಿಶ್ಲೇಷಕರನ್ನು ಕರೆತಂದಿದ್ದರು. ನನ್ನ ಹಳೆಯ ಪಟ್ಟಿಯನ್ನು ಹತ್ತು ನಿಮಿಷ ನೋಡಿದರು. ಆಮೇಲೆ ನಿಧಾನವಾಗಿ, "ಇದರಿಂದ ನನಗೇನೂ ಗೊತ್ತಾಗಲ್ಲ" ಅಂದರು. ನನ್ನ ಹೊಟ್ಟೆ ತಣ್ಣಗಾಯಿತು. ಕೆಲಸ ಹೋಯಿತು ಅಂದುಕೊಂಡೆ. ಅವರು ಹೇಳಿದ್ದು ಬೇರೆ. ಕಳೆದ ವರ್ಷದ 12 ಪಂದ್ಯಗಳನ್ನೂ ಮತ್ತೆ ಎಣಿಸು, ಆದರೆ ನನ್ನ ಲೆಕ್ಕದಲ್ಲಿ.

ಅವರ ಲೆಕ್ಕ ಹೀಗಿತ್ತು. ಓಡುವವನನ್ನು ಒಬ್ಬ ಪೂರ್ತಿ ಹಿಡಿಯದಿದ್ದರೂ ಪರವಾಗಿಲ್ಲ. ಅವನನ್ನು ತಡೆದು, ನಮ್ಮವರು ಇರುವ ಕಡೆಗೇ ತಿರುಗಿಸಿದರೆ ಅದು ಮಿಸ್ ಅಲ್ಲ. ಆದರೆ ಒಬ್ಬ ತಪ್ಪು ಕೋನದಲ್ಲಿ ಓಡಿ, ಎದುರಿನವನ ಹತ್ತಿರವೇ ಬರದೆ ಹೋದರೆ ಅದು ಮಿಸ್. ಕೈ ತಾಗದಿದ್ದರೂ ಮಿಸ್. ಹಳೆಯ ಪಟ್ಟಿಯಲ್ಲಿ ಇಂಥವರಿಗೆ ಶಿಕ್ಷೆಯೇ ಇರಲಿಲ್ಲ. ಹತ್ತಿರ ಹೋದವನಿಗೆ ಮಾತ್ರ ಕೆಂಪು ಗುರುತು, ದೂರ ಉಳಿದವನು ಸಾಚಾ.

ಚೆಂಡು ದಾಟಿಸುವ ಒಂದೊಂದು ಪ್ರಯತ್ನಕ್ಕೂ ನಾವು ಒಂದು ಆಟ ಅನ್ನುತ್ತೇವೆ. ಒಂದು ಪಂದ್ಯಕ್ಕೆ ಹೆಚ್ಚು ಕಡಿಮೆ 65 ಆಟ, 12 ಪಂದ್ಯ, ಪ್ರತಿಯೊಂದಕ್ಕೂ ಎರಡು ಕ್ಯಾಮೆರಾ. ಫೆಬ್ರವರಿ, ಮಾರ್ಚ್ ಪೂರ್ತಿ ಇದೇ. ಹೊರಗೆ ಹಿಮ, ಒಳಗೆ ಕತ್ತಲೆ ಕೋಣೆ. ಕಣ್ಣು ಉರಿಯುತ್ತಿತ್ತು. ಕನಸಲ್ಲೂ ಹಿಂದಕ್ಕೆ ಮುಂದಕ್ಕೆ ಓಡುವ ಹುಡುಗರು. ಮಧ್ಯೆ ನನ್ನ ಮಿಡ್‌ಟರ್ಮ್ ಒಂದು ಹಾಳಾಯಿತು.

ಪಟ್ಟಿ ಮುಗಿದಾಗ ಎದೆ ಧಸಕ್ಕೆಂದಿತು. ಹಳೆಯ ಲೆಕ್ಕದಲ್ಲಿ ತಂಡದಲ್ಲೇ ಅತಿ ಕಡಿಮೆ ಮಿಸ್ ಇದ್ದ ಒಬ್ಬ ಸೇಫ್ಟಿ ಹೊಸ ಲೆಕ್ಕದಲ್ಲಿ ತಳಕ್ಕೆ ಹೋಗಿದ್ದ. ಸೇಫ್ಟಿ ಅಂದರೆ ಹಿಂದೆ ನಿಲ್ಲುವ ಕೊನೆಯ ಕಾವಲುಗಾರ. ಒಳ್ಳೆಯ ಹುಡುಗ. ದಿನಾ ಬೆಳಗ್ಗೆ ನನ್ನನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದ ಮೂರೋ ನಾಲ್ಕೋ ಜನರಲ್ಲಿ ಅವನೊಬ್ಬ. ಪಟ್ಟಿ ಕಳಿಸುವ ಮುಂಚೆ ಅವನ ಆಟಗಳನ್ನು ಮತ್ತೆ ಮೂರು ಸಲ ನೋಡಿದೆ, ಎಲ್ಲಾದರೂ ನಾನೇ ತಪ್ಪಿರಬಹುದು ಅಂತ. ತಪ್ಪಿರಲಿಲ್ಲ. ಕಳಿಸಿದೆ. ವಸಂತದ ಅಭ್ಯಾಸದಲ್ಲಿ ಅವನು ಎರಡನೇ ಸಾಲಿಗೆ, ಅಂದರೆ ಬದಲಿ ಆಟಗಾರರ ಗುಂಪಿಗೆ, ಇಳಿದಿದ್ದ.

ಆ ಅಭ್ಯಾಸಕ್ಕೆ ಸಿಗುವುದು 15 ದಿನ ಮಾತ್ರ. ಹೊಸ ಕೋಚ್ ಕಲಿಸಿದ್ದು ರಗ್ಬಿಯಿಂದ ಬಂದ ಪಟ್ಟು. ತಲೆ ಮುಂದೆ ಅಡ್ಡ ಹಾಕಬೇಡ, ಹಿಂದೆ ಇಡು. ಭುಜದಿಂದ ಹೊಡೆ. ಕಣ್ಣು ತೊಡೆಯ ಮೇಲಿರಲಿ. ತೊಡೆಗಳನ್ನು ಅಪ್ಪಿ ಹಿಂಡು, ಆಮೇಲೆ ಐದು ಹೆಜ್ಜೆ ಓಡಿಸು. ಇದೇನೂ ಅವರ ಸ್ವಂತದ್ದಲ್ಲ. ಸಿಯಾಟಲ್ ಸೀಹಾಕ್ಸ್ ಅನ್ನುವ ವೃತ್ತಿಪರ ತಂಡದ ಆಗಿನ ಕೋಚ್ ಪೀಟ್ ಕ್ಯಾರಲ್ 2014ರಲ್ಲಿ ಇದನ್ನು ವಿಡಿಯೋ ಮಾಡಿ ಎಲ್ಲರಿಗೂ ಹಂಚಿದ್ದರು. ಅದೇ ವರ್ಷ ಒಹಾಯೋ ಸ್ಟೇಟ್ ಯೂನಿವರ್ಸಿಟಿಗೆ ಡಿಫೆನ್ಸ್ ಕೋಚ್ ಆಗಿ ಬಂದ ಕ್ರಿಸ್ ಆಶ್ ಇದೇ ಪಟ್ಟನ್ನು ಅಲ್ಲಿ ಕಲಿಸಿದರು. ಆ ತಂಡ ಆ ಸೀಸನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ನಮ್ಮ ಕೋಚ್ ಮೊದಲ ಮೀಟಿಂಗ್‌ನಲ್ಲಿ ಈ ಕಥೆ ಹೇಳಿದಾಗ ಹುಡುಗರ ಕಣ್ಣು ಮಿಂಚಿತು. ಪಟ್ಟು ಕಲಿತ ಕೂಡಲೇ ಕಪ್ ನಮ್ಮದು ಅಂತ ಎಲ್ಲರ ಲೆಕ್ಕ.

ತಲೆಯನ್ನು ಹೊರಗಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಹೆಲ್ಮೆಟ್ಟಿನ ನೆತ್ತಿಯಿಂದ ಗುದ್ದಿದರೆ ಕಾಲೇಜು ಆಟದಲ್ಲಿ 15 ಗಜ ದಂಡ, 2013ರಿಂದ ಆಟದಿಂದಲೇ ಹೊರಗೆ. ನಾನಿದ್ದಾಗ, ಎರಡನೇ ಅರ್ಧದಲ್ಲಿ ಹಾಗಾದರೆ ಮುಂದಿನ ಪಂದ್ಯದ ಮೊದಲರ್ಧವೂ ಇರಲಿಲ್ಲ.

ನನಗೆ ಈ ಪಟ್ಟು ನೋಡಿದ ಕೂಡಲೇ ಅರ್ಥವಾಯಿತು. ಇದು ನಮ್ಮ ತೊಡೆ ಹಿಡಿತ! ಕಾರ್ನರ್‌ನಲ್ಲಿ ನಿಂತವನು ರೇಡರ್‌ನ ಎದೆ ನೋಡಿದರೆ ಕೆಟ್ಟ. ಎದೆ ಸುಳ್ಳು ಹೇಳುತ್ತದೆ, ತೊಡೆ ಹೇಳುವುದಿಲ್ಲ. ಆತುರ ಬಿದ್ದು ಹಾರಿದರೂ ಕೆಟ್ಟ. ಆದರೆ ಹತ್ತು ಹನ್ನೆರಡು ವರ್ಷ ಎದೆಗೆ ಎದೆ ಕೊಟ್ಟು ಬೆಳೆದ ಹುಡುಗರಿಗೆ ಇದು ಹೊಸ ಅಕ್ಷರಮಾಲೆ. 15 ದಿನದಲ್ಲಿ ಆಗಿದ್ದು ಹಳೆಯದೂ ಅಲ್ಲ, ಹೊಸದೂ ಅಲ್ಲ. ತಲೆ ಹಿಂದೆ ಹೋಗುತ್ತಿತ್ತು, ಕೈ ಅಪ್ಪುತ್ತಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಹೊಡೆಯುವ ಮುಂಚೆ ಕಾಲು ನಿಂತುಬಿಡುತ್ತಿತ್ತು. ಯೋಚನೆ ಶುರುವಾದರೆ ಕಾಲು ನಿಲ್ಲುತ್ತದೆ. ವಿಡಿಯೋದಲ್ಲಿ ಅದು ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡಿನಲ್ಲಿ ಎದುರಿನವನು ಮೂರು ಗಜ ದೂರ.

ಮಾತಿನ ಗೊಂದಲ ಬೇರೆ. "ಲೆವರೇಜ್" ಅಂತ ಇಬ್ಬರು ಕೋಚ್‌ಗಳೂ ಕಿರುಚುತ್ತಿದ್ದರು. ಹಳೆಯವರಿಗೆ ಅದರ ಅರ್ಥ, ಮೈ ಬಗ್ಗಿಸಿ ಕೆಳಗಿನಿಂದ ಹೊಡೆ. ಹೊಸಬರಿಗೆ, ಓಡುವವನ ಯಾವ ಮಗ್ಗುಲನ್ನು ನೀನು ಕಾಯಬೇಕು ಅನ್ನುವುದು. ಒಂದು ದಿನ ಕೋಚ್ ಆ ಶಬ್ದ ಕೂಗಿದ ಕೂಡಲೇ ಒಬ್ಬ ಲೈನ್‌ಬ್ಯಾಕರ್ ನಿಂತಲ್ಲೇ ಬಗ್ಗಿದ. ಪಕ್ಕದಿಂದ ಎದುರಿನವನು ಆರಾಮಾಗಿ ಹೋದ. ಕೋಚ್ ಇವನಿಗೆ ಸೋಮಾರಿತನ ಅಂದುಕೊಂಡರು. ಆ ಸಂಜೆ ಹಳೆಯ ಅಭ್ಯಾಸದ ವಿಡಿಯೋ ತೋರಿಸಿ, ಹಿಂದೆ ಈ ಶಬ್ದಕ್ಕೆ ಬೇರೆ ಅರ್ಥವಿತ್ತು ಅಂತ ವಿಶ್ಲೇಷಕರಿಗೆ ಹೇಳಿದೆ. ಎರಡು ದಿನ ಬಿಟ್ಟು ಆ ಶಬ್ದವೇ ಹೋಯಿತು. ಅದರ ಬದಲು "ನಿನ್ನ ಪಕ್ಕ" ಅನ್ನತೊಡಗಿದರು. ಎರಡು ವರ್ಷದಲ್ಲಿ ನಾನು ಮಾಡಿದ ನಿಜವಾದ ಉಪಕಾರ ಇದೊಂದೇ ಇರಬೇಕು.

ಏಪ್ರಿಲ್‌ನಲ್ಲಿ ತೆರಿಗೆಯ ತಲೆನೋವು. ಎಫ್-1ನವರಿಗೆ ಮೊದಲ 5 ಕ್ಯಾಲೆಂಡರ್ ವರ್ಷ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ ಇಲ್ಲ. ನನ್ನ ಸಂಬಳದಲ್ಲಿ ಹಿಡಿದಿದ್ದರು. ಪೇರೋಲ್ ಆಫೀಸಿಗೆ ನಾಲ್ಕು ಸಲ ಅಲೆದ ಮೇಲೆ ವಾಪಸ್ ಬಂತು. ನಿಮ್ಮ ಸ್ಲಿಪ್ ಮೊದಲ ತಿಂಗಳೇ ನೋಡಿ. ಭಾರತದ ವಿದ್ಯಾರ್ಥಿಗಳಿಗೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಸಿಗುತ್ತದೆ, ಬೇರೆ ದೇಶದ ಹೆಚ್ಚಿನವರಿಗೆ ಇಲ್ಲ. ಬಿಡಬೇಡಿ.

ಆಗಸ್ಟ್‌ನಲ್ಲಿ ಸೀಸನ್‌ಗೆ ಮುಂಚಿನ ಅಭ್ಯಾಸದ ಕ್ಯಾಂಪ್. ಹೊಸ ಕೋಚ್ ಮಂಗಳವಾರದ ಕೆಡವಾಟ ನಿಲ್ಲಿಸಿದರು. ಅಪ್ಪಿಕೊಳ್ಳುವವರೆಗೆ ಮಾತ್ರ, ನೆಲಕ್ಕೆ ಹಾಕಬೇಡಿ ಅಂದರು. ನೆಲಕ್ಕೆ ಹಾಕುವುದೆಲ್ಲ ಉರುಳುವ ಫೋಮ್ ಚಕ್ರದ ಮೇಲೆ, ದಪ್ಪ ಹಾಸಿಗೆಯ ಮೇಲೆ. ಡಾರ್ಟ್‌ಮತ್ ಕಾಲೇಜು ತಂಡದ ಕೋಚ್ ಬಡ್ಡಿ ಟೀವನ್ಸ್ 2010ರಲ್ಲೇ ಅಭ್ಯಾಸದಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕೆಡವುವುದನ್ನು ಪೂರ್ತಿ ನಿಲ್ಲಿಸಿದ್ದರು. 2016ರಲ್ಲಿ ಆ ತಂಡವೂ ಇರುವ ಐವಿ ಲೀಗ್ (ಎಂಟು ಹಳೆಯ ಯೂನಿವರ್ಸಿಟಿಗಳ ಕೂಟ) ಸೀಸನ್ ನಡುವಿನ ಅಭ್ಯಾಸದಲ್ಲಿ ಇದೇ ನಿಯಮ ಮಾಡಿತು. ಹೀಗಾಗಿ ಇದು ಹುಚ್ಚು ಪ್ರಯೋಗವೇನಲ್ಲ. ಆದರೂ ನನಗೆ ನಂಬಿಕೆ ಇರಲಿಲ್ಲ. ಮ್ಯಾಟ್ ಮೇಲೆ ಹಿಡಿಯದೆ ಕಬಡ್ಡಿ ಕಲಿತವನನ್ನು ನಾನು ನೋಡಿಲ್ಲ.

ಮೊದಲ ಮೂರು ಪಂದ್ಯ ನೋಡಿದವರು ನನ್ನ ಪರ ನಿಲ್ಲುತ್ತಿದ್ದರು. ಮಿಸ್ ಮೇಲೆ ಮಿಸ್. ಎರಡನೇ ಪಂದ್ಯದ ಪಟ್ಟಿ ಮಾಡುವಾಗ ಕಾಲಂ ಸಾಲದೆ ಹೊಸದು ಸೇರಿಸಿದೆ. ಹಳೆಯ ಲೆಕ್ಕದಲ್ಲೂ ಕೆಟ್ಟದ್ದು, ಹೊಸ ಲೆಕ್ಕದಲ್ಲೂ ಕೆಟ್ಟದ್ದು. ನಾಲ್ಕನೇ ಪಂದ್ಯದಲ್ಲಿ ಒಬ್ಬ ಲೈನ್‌ಬ್ಯಾಕರ್ ಸುಸ್ತಾದಾಗ ಹಳೆಯ ಅಭ್ಯಾಸಕ್ಕೆ ಬಿದ್ದು, ತಲೆ ತಗ್ಗಿಸಿ ಗುದ್ದಿ, ಹೊರಗೆ ಹೋದ. ಸ್ಟೇಡಿಯಂನಲ್ಲಿ ಜನ "ಟ್ಯಾಕಲ್ ಮಾಡೋದು ಕಲಿಸ್ರೋ" ಅಂತ ಬೈಯುತ್ತಿದ್ದರು. ಕೋಚ್ ಮಾತ್ರ ಸೋಮವಾರ ಬಂದು ಕೇಳುತ್ತಿದ್ದದ್ದು ಬೇರೆ ಪ್ರಶ್ನೆ. "ಚೆಂಡಿನ ಹತ್ತಿರ ಎಷ್ಟು ಜನ ಇದ್ದರು?"

ಆ ಪ್ರಶ್ನೆ ನನ್ನ ತಲೆ ತೆರೆಯಿತು. ಹಳೆಯ ಕೋಚ್ ಒಬ್ಬನಿಗೆ ಒಬ್ಬ ಅನ್ನುವ ಪದ್ಧತಿಯವರು. ಪ್ರತಿಯೊಬ್ಬನೂ ತನ್ನ ಎದುರಾಳಿಯ ಹಿಂದೆ ಓಡುತ್ತಾನೆ, ಚೆಂಡಿಗೆ ಬೆನ್ನು ಹಾಕಿ. ಆಗ ಚೆಂಡು ಸಿಕ್ಕವನ ಎದುರು ಇರುವುದು ಒಬ್ಬನೇ, ಅದೂ ಬಯಲಲ್ಲಿ. ಅವನು ತಪ್ಪಿದರೆ ಹಿಂದೆ ಯಾರೂ ಇಲ್ಲ. ಹೊಸಬರು ಹೆಚ್ಚಾಗಿ ಜಾಗ ಕಾಯುವ ಪದ್ಧತಿ ಆಡಿಸುತ್ತಿದ್ದರು. ಎಲ್ಲರ ಕಣ್ಣೂ ಚೆಂಡಿನ ಮೇಲೆ. ಚೆಂಡು ಬಿದ್ದ ಕಡೆ ಮೂವರು ಬರುತ್ತಾರೆ. ಮೊದಲಿನವನು ತಪ್ಪಿದರೂ ನಷ್ಟ ಎರಡು ಗಜ, ಇಪ್ಪತ್ತಲ್ಲ. ಕಬಡ್ಡಿಯಲ್ಲಿ ಒಂಟಿ ಹಿಡಿತಕ್ಕೂ ಕೈ ಕೈ ಹಿಡಿದು ಹೋಗುವ ಚೈನ್‌ಗೂ ಇರುವ ವ್ಯತ್ಯಾಸವೇ ಇದು. 2024ರಲ್ಲೇ ಒಬ್ಬ ಡಿಫೆನ್ಸ್ ಆಟಗಾರನ ಹೆಲ್ಮೆಟ್ಟಿನಲ್ಲಿ ಕೋಚ್ ಮಾತು ಕೇಳಿಸುವ ವ್ಯವಸ್ಥೆಗೆ ಅನುಮತಿ ಬಂತು. ಹುಡುಗರು ಬೇಗ ತಮ್ಮ ಜಾಗಕ್ಕೆ ನಿಲ್ಲತೊಡಗಿದರು. ಟ್ಯಾಕಲ್ ಸುಧಾರಿಸಿತು ಅಂತ ನಾವು ಹೇಳುವುದರಲ್ಲಿ ಅರ್ಧ, ಟ್ಯಾಕಲ್‌ಗಿಂತ ಮೊದಲು ನಡೆಯುವುದು.

ಅಕ್ಟೋಬರ್ ಹೊತ್ತಿಗೆ ಕಾಲು ನಿಲ್ಲುವುದು ಕಡಿಮೆಯಾಯಿತು. ಮಿಸ್ ಇಳಿಯತೊಡಗಿದವು. ಎರಡೂ ವರ್ಷ ಆಡಿದ ಹುಡುಗರನ್ನಷ್ಟೇ ಇಟ್ಟುಕೊಂಡು ಹೋಲಿಸಿ ನೋಡಿದೆ. ಆಗಲೂ ಇಳಿದಿದ್ದವು. ಹಾಗಂತ ಎಲ್ಲ ಕೋಚ್ ಮಹಿಮೆ ಅನ್ನಲಾರೆ. ಕೊನೆಯ ಪಂದ್ಯಗಳ ಎದುರಾಳಿಗಳೂ ಸುಮಾರಾಗಿದ್ದರು.

ಆ ಸೇಫ್ಟಿಯ ಕಥೆ ಹೇಳಬೇಕು. ಸೆಪ್ಟೆಂಬರ್‌ನ ಒಂದು ರಾತ್ರಿ ಅವನು ನನ್ನ ಕೋಣೆಗೆ ಬಂದ. "ಆ ಪಟ್ಟಿ ಮಾಡಿದ್ದು ನೀನೇ ಅಂತೆ" ಅಂದ. ಹೌದು ಅಂದೆ. ನನ್ನ ಎರಡರಷ್ಟಿದ್ದ ಹುಡುಗ. ಬಾಗಿಲು ಅವನ ಹಿಂದಿತ್ತು. "ತೋರಿಸು" ಅಂದ, ಅಷ್ಟೇ. ಹಳೆಯ ಆಟಗಳನ್ನು ಒಂದೊಂದಾಗಿ ಹಾಕಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, ಹಿಂದಿನ ವರ್ಷ ಗೋಡೆಯ ಪಟ್ಟಿಯಲ್ಲಿ ಹೆಸರು ಬರದಿರಲಿ ಅಂತ ದೂರದ ಕೋನ ಹಿಡಿದು ಓಡುತ್ತಿದ್ದೆ ಅಂತ. ತನಗೇ ಗೊತ್ತಾಗದೆ ಅದು ರೂಢಿಯಾಗಿತ್ತಂತೆ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಆ ಗೋಡೆ ಪಟ್ಟಿ ಮಾಡಿದ್ದೂ ನಾನೇ ಅಲ್ವಾ?

ಅಲ್ಲಿಂದ ಪ್ರತಿ ಭಾನುವಾರ ಬಂದ. ತಿನ್ನೋದಕ್ಕೆ ಏನಾದರೂ ತರುತ್ತಿದ್ದ. ನಾನು ಒಮ್ಮೆ ಅಮ್ಮ ಕಳಿಸಿದ ಖಾರ ಮಂಡಕ್ಕಿ ಕೊಟ್ಟೆ, ಕಣ್ಣಲ್ಲಿ ನೀರು ಬಂದರೂ ಖಾಲಿ ಮಾಡಿದ. ಅಕ್ಟೋಬರ್ ಕೊನೆಗೆ ಮೊದಲ ಸಾಲಿಗೆ ವಾಪಸ್ ಬಂದ.

ಕೊನೆಯ ಪಂದ್ಯದ ವಿಡಿಯೋದಲ್ಲಿ ಒಂದು ಆಟ. ಎದುರಿನವನು ಗೆರೆಯ ಪಕ್ಕ ಬಿಟ್ಟ ಬಾಣದಂತೆ ಬರುತ್ತಿದ್ದಾನೆ. ನಮ್ಮ ಸೇಫ್ಟಿ ನೇರ ಹತ್ತಿರದ ಕೋನ ಹಿಡಿದ. ಒಂದೇ ಕೈ ತೊಡೆಗೆ ಸಿಕ್ಕಿತು, ಜಾರಿತು. ಓಡುವವನು ತಡವರಿಸಿ ಒಳಗೆ ತಿರುಗಿದ. ಅಲ್ಲಿ ಇಬ್ಬರು ಲೈನ್‌ಬ್ಯಾಕರ್‌ಗಳು ಕಾದಿದ್ದರು. ನಾನು ವಿಡಿಯೋ ನಿಲ್ಲಿಸಿದೆ. ಹಳೆಯ ಲೆಕ್ಕದಲ್ಲಿ ಇದು ಮಿಸ್, ಕೆಂಪು ಗುರುತು, ಗೋಡೆಯ ಮೇಲೆ ಹೆಸರು. ಹೊಸ ಕಾಲಂನಲ್ಲಿ ಹಸಿರು ಹಾಕಿ ಮುಂದಿನ ಆಟಕ್ಕೆ ಹೋದೆ.

ಮೇ ತಿಂಗಳಲ್ಲಿ ಕೀ, ಕಾರ್ಡು, ಲ್ಯಾಪ್‌ಟಾಪ್ ಒಪ್ಪಿಸಿದೆ. ಮಳೆ ಜಾಕೆಟ್ಟನ್ನೂ ವಾಪಸ್ ಕೊಡಬೇಕಂತೆ. ಯಾರೂ ಮೊದಲೇ ಹೇಳಿರಲಿಲ್ಲ, ನಾನು ಅದನ್ನು ಆಗಲೇ ಅಪ್ಪನಿಗೆ ಅಂತ ಊರಿಗೆ ಕಳಿಸಿಬಿಟ್ಟಿದ್ದೆ. 60 ಡಾಲರ್ ಕಟ್ಟಿದೆ. ಅಪ್ಪ ಅದನ್ನು ಹಾಕಿಕೊಂಡು ದಿನಾ ಹಾಲಿನ ಬೂತಿಗೆ ಹೋಗುತ್ತಾರೆ.